ಬೇಲಿಯ ಮೇಲಿನ ಸಣ್ಣಕ್ಷರ

ನಮ್ಮ ವೇಲ್ಸ್ ಕಡೆ ರೋಗ ಬಡಿದ ಆಶ್ ಮರ ಹತ್ತುವವರು ಹಗ್ಗವನ್ನು ಪಕ್ಕದ ಗಟ್ಟಿ ಮರಕ್ಕೆ ಬಿಗಿಯುತ್ತಾರೆ. ಅಂಥ ಆಶ್ ಮರ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಆವತ್ತು ನಮ್ಮ ಗೆಥಿನ್ ಭಾವ ಹಾಗೆ ಮಾಡಲಿಲ್ಲ. ತಪ್ಪು ನನ್ನದು.

ಹೊಸ ಮನೆಗಳು ಏಳುವ ಜಾಗ. ಆಶ್ ಕಡಿಯಲು ಅಪ್ಪಣೆ ಸಿಕ್ಕಿತ್ತು. ಹತ್ತಡಿ ಆಚೆಯ ಮುದಿ ಓಕ್ ಮಾತ್ರ ಉಳಿಯಬೇಕಾದ ಮರ. ಅದರ ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಕೌನ್ಸಿಲ್ಲಿನ ಕಾಗದ.

"ಕನ್ನಡಕ ಮರ್ತೆ. ಅದೇನು ಓದೋ ಇಡ್ರಿಸ್," ಎಂದ ಭಾವ.

ನನಗೆ ಅಕ್ಷರಕ್ಕಿಂತ ಹುಚ್ಚುನಾಯಿ ವಾಸಿ. ದಪ್ಪಕ್ಷರ ಮಾತ್ರ ಕೂಡಿಸಿ ಓದಿದೆ. "ಒಳಗೆ ಕಾಲಿಡಬಾರ್ದಂತೆ ಭಾವ. ಓಕ್ ಸುದ್ದಿಗೇ ಹೋಗೋದು ಬೇಡ."

ಭಾವ ಆಶ್ ಮರಕ್ಕೇ ಹಗ್ಗ ಬಿಗಿದು ಹತ್ತಿದ. ಐವತ್ತಡಿ ಮೇಲೆ ಗರಗಸ ನಿಂತಿತು. ಆಮೇಲೆ ಒಂದು ಸದ್ದು. ಆ ಸದ್ದಿಗೆ ಮೂರು ಊರಿನ ಕುರಿಗಳು ಮೇಯುವುದನ್ನು ಬಿಟ್ಟವು ಎಂದರೆ ಸುಳ್ಳಲ್ಲ. ಭಾವನ ಕಾಲ ಕೆಳಗೆ ಕಾಂಡ ಉದ್ದಕ್ಕೂ ಸೀಳಿತ್ತು.

"ಇಡ್ರಿಸ್!" ಅವನ ದನಿ ಸಣ್ಣ ಮಗುವಿನದಾಗಿತ್ತು. "ಬೀಳ್ತದೆ ಕಣೋ!"

ಸೊಂಟದ ಇನ್ನೊಂದು ಹಗ್ಗದ ತುದಿಗೆ ಭಾರ ಕಟ್ಟಿ ಅವನು ಓಕ್ ಮರದ ಕವಲಿಗೆ ಎಸೆದ. ತುದಿ ಆಚೆ ಇಳಿದು ಬೇಲಿಯೊಳಗೆ ತೂಗಿತು. "ಹಿಡ್ಕೊಂಡು ಬುಡಕ್ಕೆ ಕಟ್ಟೋ!"

ಬೇಲಿ ಹತ್ತಿದೆ. ಒಂದು ಕಾಲು ಒಳಗೆ, ಒಂದು ಹೊರಗೆ. ಅಷ್ಟರಲ್ಲಿ ಕೌನ್ಸಿಲ್ಲಿನ ಮರಗಳ ಅಧಿಕಾರಿ ಪ್ರಾಸರ್ ಮೇಡಂ ಕಾರಿನಿಂದ ಇಳಿದರು. ನಾನು ಅಲ್ಲೇ ಕಲ್ಲಾದೆ.

"ಮೇಡಂ, ನಾನು... ಕಾಗದದಲ್ಲಿ..."

"ಅಯ್ಯೋ ಪೆದ್ದ! ಅದು ಅಗೆಯೋರಿಗೆ, ಗಾಡಿ ಓಡಿಸೋರಿಗೆ! ಮರ ಹತ್ತೋರು ಹಗ್ಗ ಕಟ್ಟಬಹುದು ಅಂತ ಕೆಳಗೆ ನಾನೇ ಬರ್ದಿದೀನಿ! ಹಾರು!"

ಹಾರಿದೆ. ಹಗ್ಗವನ್ನು ಓಕ್ ಬುಡಕ್ಕೆ ಸುತ್ತಿ ಗಂಟು ಬಿಗಿದೆ. "ಬಾ ಭಾವ!" ಎಂದು ಕಿರುಚಿದೆ. ಅವನು ಆಶ್ ಮರದ ಹಗ್ಗ ಬಿಚ್ಚಿ ಓಕ್ ಕಡೆಗೆ ಜಿಗಿದ. ಅವನ ಬೆನ್ನ ಹಿಂದೆಯೇ ಆಶ್ ಮರದ ಅರ್ಧ ನೆಲಕ್ಕೆ ಅಪ್ಪಳಿಸಿತು.

ಧೂಳು ಇಳಿದಾಗ ಭಾವ ಓಕ್ ಮರವನ್ನು ತಬ್ಬಿಕೊಂಡಿದ್ದ. ಇಳಿಯಲು ಅರ್ಧ ಗಂಟೆ ಹಿಡಿಯಿತು. ಇಳಿದವನು ಬಯ್ಯಲಿಲ್ಲ. ಅದೇ ನನಗೆ ಇನ್ನಷ್ಟು ಭಯ ತಂದಿತು.

"ಅಕ್ಕಂಗೆ ಹೇಳ್ತೀಯಾ?" ಎಂದೆ.

ಅವನು ನನ್ನ ಕಿವಿ ಹಿಡಿದು ಬೇಲಿಯ ಮುಂದೆ ನಿಲ್ಲಿಸಿದ. "ಓದು. ಕೊನೇ ಸಾಲಿನ ತನಕ."

ಬೆರಳಿಟ್ಟು ಓದತೊಡಗಿದೆ. ಸಾಲು ತಪ್ಪಿದಾಗಲೆಲ್ಲ ಮೊದಲಿನಿಂದ ಓದಿಸಿದ. ಕೊನೇ ಸಾಲು ಮುಗಿಯುವ ತನಕ ಕಿವಿ ಬಿಡಲಿಲ್ಲ.