ಎಂಟು ಮೀಟರ್ ಬಟ್ಟೆ, ಆರು ಪರದೆ

ನನ್ನ ಇಸ್ತ್ರಿ ಅಂಗಡಿಗೂ ಪಕ್ಕದ ಟೈಲರ್ ಅಂಗಡಿಗೂ ನಡುವೆ ಒಂದೇ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತದೆ. ಟೈಲರ್ ಮಗಳು ದಿನಾ ಪಾಠ ಒಪ್ಪಿಸುವುದನ್ನು ಕೇಳಿ ಕೇಳಿ ನನಗೂ ಅರ್ಧ ಪುಸ್ತಕ ಬಾಯಿಪಾಠವಾಗಿದೆ. ಅಷ್ಟು ವೇಗವಾಗಿ ಹೇಳುತ್ತಾಳೆಂದು ಬೀದಿಯವರೆಲ್ಲ ಅವಳನ್ನು ಪಟಪಟಿ ಎನ್ನುತ್ತೇವೆ.

ಆ ಶನಿವಾರ ಬೆಳಿಗ್ಗೆ ಟೈಲರ್ ಮುಖ ಊದಿಸಿಕೊಂಡು ಬಂದ. ಕೈಯಲ್ಲಿ ಮಗಳ ಗಣಿತದ ಉತ್ತರ ಪತ್ರಿಕೆ.

"ನೋಡಕ್ಕ, ಹೋದ ವರ್ಷ ತೊಂಬತ್ತೈದು. ಈ ಸಲ ಅರವತ್ತೊಂದು! ಹೊಸ ಟೀಚರ್ ನೋಟ್ಸೇ ಕೊಡಲ್ಲ. ಬರೀ ಯಾಕೆ, ಹೇಗೆ ಅಂತ ಕೇಳ್ತಾರಂತೆ. ಸೋಮವಾರ ಈ ಶಾಲೆ ಬಿಡಿಸ್ತೀನಿ. ಇನ್ನೊಂದು ಶಾಲೇಲಿ ಪ್ರಶ್ನೆ, ಉತ್ತರ ಎರಡೂ ಅಚ್ಚು ಹಾಕಿ ಕೈಗೇ ಕೊಡ್ತಾರೆ."

"ಬೇಡ ಅಪ್ಪ. ಈ ಟೀಚರ್ ಕ್ಲಾಸಲ್ಲಿ ತಪ್ಪು ಹೇಳಿದ್ರೂ ಯಾರೂ ನಗಲ್ಲ," ಎಂದಳು ಅವನ ಹಿಂದೆಯೇ ಬಂದಿದ್ದ ಪಟಪಟಿ. ಅವಳ ಕಣ್ಣು ತುಂಬಿತ್ತು. ನನಗೆ ಸಂಕಟವಾಯಿತು. ಆದರೆ ಅವನು ಹಿಡಿದ ಹಟ ಬಿಡುವವನಲ್ಲ.

ಮಧ್ಯಾಹ್ನ ಗೋಡೆಯಾಚೆ ಕೂಗಾಟ ಕೇಳಿ ನಾನು ಓಡಿದೆ. ಆಸ್ಪತ್ರೆಯ ಆರು ಕಿಟಕಿಗಳಿಗೆ ಪರದೆ ಹೊಲಿಯುವ ಕೆಲಸ ಬಂದಿತ್ತು. ಒಂದು ಪರದೆಗೆ ಮಡಚುವ ಭಾಗವೂ ಸೇರಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆ ಬೇಕು. ಮಗಳು ಜಾಣೆ ಎಂದು ಟೈಲರ್ ಲೆಕ್ಕವನ್ನು ಅವಳಿಗೇ ಬಿಟ್ಟಿದ್ದ. ಅವಳು ಉದ್ದವನ್ನು ಅಗಲದಿಂದ ಗುಣಿಸಿ, ಆರು ಪರದೆಗೆ ಹನ್ನೆರಡು ಚದರ ಮೀಟರ್ ಎಂದಳು. ಬಟ್ಟೆಯ ಅಗಲ ಒಂದೂವರೆ ಮೀಟರ್. ಭಾಗಿಸಿ ಎಂಟು ಮೀಟರ್ ತಂದಳು. ಅಪ್ಪ ಕತ್ತರಿಸಿದ. ನಾಲ್ಕು ಪರದೆಗೇ ಬಟ್ಟೆ ಮುಗಿಯಿತು!

"ಲೆಕ್ಕ ಸರಿ ಇದೆ, ಪರದೆ ಎರಡು ಕಮ್ಮಿ! ಅಂಗಡೀಲಿ ಆ ಬಣ್ಣ ಖಾಲಿ. ಈಗ ಏನ್ ಮಾಡ್ಲಿ?" ಟೈಲರ್ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಅಷ್ಟರಲ್ಲಿ ಬ್ಯಾಗಿನ ಜಿಪ್ ಹಾಕಿಸಲು ಒಬ್ಬರು ಬಾಗಿಲಿಗೆ ಬಂದರು. ಅದೇ ಟೀಚರ್! ವಿಷಯ ಕೇಳಿ ಅವರು ಗಾಬರಿಯಾಗಲಿಲ್ಲ. ಪಟಪಟಿಯ ಕೈಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟರು.

"ಹನ್ನೆರಡು ಚದರ ಮೀಟರ್ ಅಂದ್ಯಲ್ಲ, ಅದು ಹೇಗಿರುತ್ತೆ? ಮೇಜಿನ ಮೇಲೆ ಬರೆದು ತೋರ್ಸು."

ಪಟಪಟಿ ತಡವರಿಸುತ್ತಾ ಒಂದು ಚೌಕ ಬರೆದಳು, ಅಳಿಸಿದಳು. ಟೈಲರ್ ತಡೆಯಲಾರದೆ, "ಅಯ್ಯೋ, ಅದು ಹಾಗಲ್ಲ..." ಎಂದು ಮುಂದೆ ಬಂದ.

ನಾನು ಅವನ ತೋಳು ಹಿಡಿದೆ. "ಸುಮ್ನಿರು ತಮ್ಮ. ನಿನ್ನ ಹತ್ರ ಕೆಲಸ ಕಲಿಯೋಕೆ ಬಂದೋರಿಗೆ ತಿಂಗಳುಗಟ್ಟಲೆ ಹಳೆ ಪೇಪರ್ ಕತ್ತರಿಸೋಕೆ ಹಚ್ಚಲ್ವಾ? ತಪ್ಪು ಮಾಡಿದ್ರೆ ತಾನೇ ಕೈಗೆ ಬುದ್ಧಿ ಬರೋದು ಅಂತೀಯ. ನಿನ್ನ ಮಗಳಿಗೆ ಮಾತ್ರ ಅದು ಬೇಡ್ವಾ?"

ಅವನು ತುಟಿ ಕಚ್ಚಿಕೊಂಡು ನಿಂತ. ಪಟಪಟಿ ಬಟ್ಟೆ ಬರೆದಳು. ಅದರೊಳಗೆ ಪರದೆ ಬರೆದಳು. ಅಳಿಸಿದಳು. ಮತ್ತೆ ಬರೆದಳು.

"ಟೀಚರ್, ಅಗಲದಲ್ಲಿ ಒಂದೇ ಪರದೆ ಹಿಡಿಯುತ್ತೆ! ಪಕ್ಕದಲ್ಲಿ ಅರ್ಧ ಮೀಟರ್ ಪಟ್ಟಿ ಉಳಿಯುತ್ತೆ. ಬಟ್ಟೆ ಕಮ್ಮಿ ಬಂದಿಲ್ಲ, ಪಟ್ಟಿಯಾಗಿ ಉಳಿದಿದೆ, ಅಷ್ಟೆ." ಅವಳು ಮೇಜಿನ ಕೆಳಗಿಂದ ನಾಲ್ಕು ಪಟ್ಟಿ ಎಳೆದಳು. "ಉಳಿದ ಎರಡು ಕಿಟಕಿಗೆ ಎರಡೆರಡು ತೂಗು ಹಾಕಿದ್ರೆ? ಬಾಗಿಲ ಥರ ನಡುವೆ ತೆರೆಯೋ ಪರದೆ!"

"ನಡುವಿನ ಅಂಚುಗಳನ್ನೂ ಮಡಚಿ ಹೊಲಿದ್ರೆ ಅಗಲ ಸಾಲಲ್ಲ ಮಗಳೇ," ಎಂದ ಟೈಲರ್.

ಅವಳು ಪಟ್ಟಿಯ ಅಂಚು ಸವರಿ ನೋಡಿದಳು. "ಈ ಕಡೆ ನೇಯ್ದ ಅಂಚೇ ಇದೆಯಲ್ಲಪ್ಪ, ನೂಲು ಬಿಚ್ಚಲ್ಲ. ಅದನ್ನ ನಡುವೆ ಬಿಟ್ರೆ ಮಡಚೋದೇ ಬೇಡ."

ಟೈಲರ್ ಟೇಪು ಹಿಡಿದು ಅಳೆದ. ಇನ್ನೊಮ್ಮೆ ಅಳೆದ. ಸರಿಯಾಗಿತ್ತು. ಇಪ್ಪತ್ತು ವರ್ಷ ಕತ್ತರಿ ಹಿಡಿದವನಿಗೆ ಹೊಳೆಯದ್ದು ಮಗಳಿಗೆ ಹೊಳೆದಿತ್ತು. ಅವನು ಮಗಳ ತಲೆ ನೇವರಿಸಿದ. ನಾನಂತೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

"ಸೂತ್ರ ಬಾಯಿಗೆ ಬರೋದು ಒಳ್ಳೇದೇ, ಅದೂ ಬೇಕು," ಎಂದರು ಟೀಚರ್. "ಆದ್ರೆ ಅಲ್ಲಿಗೇ ನಿಲ್ಲಬಾರದು. ಅದು ಏನು, ಯಾಕೆ, ಎಲ್ಲಿ ಬಳಸಬೇಕು ಅಂತ ತಿಳಿಯೋಕೆ ಸ್ವಲ್ಪ ಸಮಯ ಹಿಡಿಯುತ್ತೆ. ಅಷ್ಟರಲ್ಲಿ ಅಂಕ ಸ್ವಲ್ಪ ಏರುಪೇರಾಗಬಹುದು."

ಸೋಮವಾರ ಪಟಪಟಿ ಅದೇ ಶಾಲೆಗೆ ಹೋದಳು. ಆರು ಪರದೆಗಳೂ ಆಸ್ಪತ್ರೆಗೆ ಹೋದವು. ಸಂಜೆ ಗೋಡೆಯಾಚೆಯಿಂದ ಟೈಲರ್ ದನಿ ಕೇಳಿಸಿತು: "ಇವತ್ತೇನು ಕಲಿತೆ? ನನಗೆ ಅರ್ಥ ಆಗೋ ಹಾಗೆ ಹೇಳು ನೋಡೋಣ." ಪಟಪಟಿ ಹೇಳತೊಡಗಿದಳು. ಈ ಸಲ ನಿಧಾನವಾಗಿ.

ಓದುವ ಮಕ್ಕಳಿರುವ ಅಪ್ಪ ಅಮ್ಮಂದಿರೇ, ಇವತ್ತು ಸಂಜೆ ನೀವೂ ಇದೊಂದು ಮಾತು ಕೇಳಿ. ಎಷ್ಟು ಅಂಕ ಬಂತು ಎನ್ನುವ ಮೊದಲು, ಕಲಿತದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ. ಮನೆಯಲ್ಲಿರುವ ತಟ್ಟೆ, ಹಗ್ಗ, ಬಟ್ಟೆ ಯಾವುದರಲ್ಲಾದರೂ ತೋರಿಸಲು ಹೇಳಿ. ಮಗು ತಡವರಿಸಿದರೆ ಉತ್ತರ ಹೇಳಿಕೊಡಲು ಆತುರ ಬೇಡ. ನಮ್ಮ ಟೈಲರ್ ಹಾಗೆ ತುಟಿ ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲಿ.