ಜಂಬಮ್ಮನ ಹರಿಗೋಲು

ಗಾದಿಲಿಂಗ ಕೊಡಲಿ ಎತ್ತಿದ್ದೇ ತಡ, ಜಂಬಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಹರಿಗೋಲಿನೊಳಗೆ ಕಾಲಿಟ್ಟು, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಕೊಡಲಿ ಎತ್ತಿದಲ್ಲೇ ನಿಂತಿತು.

"ಏಳು ಅತ್ತಿಗೆ," ಎಂದ ಮೈದುನ. "ಒಳಗ ಅಣ್ಣನ ಹೆಣ ಐತಿ. ನೀನು ನೋಡಿದ್ರ ಇದರಾಗ ಬಂದು ಕುಂತೀದಿ."

"ಕುಂತೀನಿ. ಈಗ ಹೊಡಿ."

ಆದೋನಿಯ ಆ ಓಣಿ ಎಷ್ಟು ಇಕ್ಕಟ್ಟೆಂದರೆ, ಎದುರು ಮನೆಯವರು ಒಗ್ಗರಣೆ ಹಾಕಿದರೆ ಈ ಮನೆಯವರು ಸೀನಬೇಕು. ಹತ್ತಿ ಮಾರ್ಕೆಟ್ಟಿನಲ್ಲಿ ಜೀವಮಾನವೆಲ್ಲ ಹಮಾಲಿ ಮಾಡಿದ ಅವಳ ಗಂಡ ಭೀಮಲಿಂಗಪ್ಪ ಆ ದಿನ ನಸುಕಿನಲ್ಲಿ ಚಹಾ ಕುಡಿದು ಲೋಟ ಕೆಳಗಿಟ್ಟವನು ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ. ಮನೆಯೆಂದರೆ ಒಂದೇ ಕೋಣೆ. ಹೆಣ ಮಲಗಿಸಿದರೆ ಅಳುವವರಿಗೆ ಜಾಗವಿಲ್ಲ, ಅಳುವವರು ಕೂತರೆ ಹೆಣಕ್ಕಿಲ್ಲ. ಅದಕ್ಕೇ ತಮ್ಮ ಗಾದಿಲಿಂಗ ಬಂದವನೇ ಜಂತೆಗೆ ಕಟ್ಟಿದ್ದ ಹರಿಗೋಲಿನ ಹಗ್ಗ ಬಿಚ್ಚಿ ಇಳಿಸಿ, ಗಾಲಿ ಉರುಳಿಸಿದ ಹಾಗೆ ಉರುಳಿಸಿ ಓಣಿಗೆ ತಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಜಂಬಮ್ಮ ಸುಮ್ಮನಿರುತ್ತಿದ್ದಳು. ಆದರೆ ಹೆಣ ತೊಳೆಯಲು ನೀರು ಕಾಯಬೇಕು. ದೊಡ್ಡ ಹಂಡೆ ಗ್ಯಾಸಿನ ಒಲೆಯ ಮೇಲೆ ಕೂರುವುದಿಲ್ಲ, ಓಣಿಯಲ್ಲಿ ಯಾರ ಮನೆಯಲ್ಲೂ ಈಗ ಕಟ್ಟಿಗೆ ಇಲ್ಲ. ಬಿದಿರು, ಡಾಂಬರು, ಒಣಗಿದ ಗೋಣಿತಾಟು, ಇದಕ್ಕಿಂತ ಚೆನ್ನಾಗಿ ಉರಿಯುವುದು ಇನ್ನೇನಿದೆ ಎಂದು ಅವನು ಕೊಡಲಿ ತಂದಿದ್ದ.

"ಸತ್ತವನ ಸಂಗಡ ಅವನ ಹುಚ್ಚೂ ಹೋಗ್ಲಿ ಬಿಡು ಜಂಬಮ್ಮ," ಎಂದಳು ಬಸಲಿಂಗಮ್ಮ. ಭೀಮಲಿಂಗಪ್ಪನ ಅಕ್ಕ ಅವಳು, ಆಲೂರಿನಿಂದ ಮೊದಲ ಬಸ್ಸಿಗೆ ಬಂದಿದ್ದಳು. "ಸತ್ತವರ ಹಾಸಿಗಿ, ಬಟ್ಟಿ, ಕೋಲು ಎಲ್ಲಾ ಮನಿ ಬಿಟ್ಟು ಹೋಗ್ಬೇಕು. ಇದೂ ಹಂಗ. ಹಿಂದ್ಲಿಂದ ಬಂದ ಪದ್ಧತಿ."

"ಹಾಸಿಗಿ ಒಯ್ರಿ ಅಕ್ಕ. ಇದು ಬ್ಯಾಡ."

"ನೀನು ಬಂದು ಮುಂದ ಕೂಡದಿದ್ರ ಶಾಸ್ತ್ರ ಹೆಂಗ ನಡೀಬೇಕು?"

"ನಡೀದಿದ್ರ ನಿಲ್ಲಲಿ."

ಮಗಳು ಭಾಗ್ಯ ಅತ್ತು ಕೆಂಪಾದ ಕಣ್ಣಲ್ಲೇ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. "ಅವ್ವಾ, ಜನ ನಗ್ತಾರ."

"ನಗ್ಲಿ. ನೀನು ಹುಟ್ಟಾಕಿಂತ ಮೊದ್ಲಿಂದ ನಗ್ತಾರ. ಇವತ್ತೇನು ಹೊಸದಾ?"

*

ಕೋಸಿಗಿಯಾಚೆ ತುಂಗಭದ್ರೆಯ ದಂಡೆಯಲ್ಲಿ ಜಂಬಮ್ಮನ ಅಪ್ಪ ಜನರನ್ನು ಹೊಳೆ ದಾಟಿಸುತ್ತಿದ್ದ. ಗಂಡುಮಕ್ಕಳು ಬಲೆ ಹಿಡಿದರು, ಹುಟ್ಟು ಹಿಡಿದವಳು ಜಂಬಮ್ಮ. ತುಂಬಿದ ಹೊಳೆಯಲ್ಲಿ ಕುರಿ, ಮೂಟೆ, ಬಸುರಿ ಹೆಂಗಸರು, ಎಲ್ಲರನ್ನೂ ಆಚೆ ಮುಟ್ಟಿಸಿದ ಕೈ ಅದು. ಆಮೇಲೆ ಸೇತುವೆ ಬಂತು. ಅಪ್ಪ ಸತ್ತ. ಅಣ್ಣಂದಿರು ಪಾಲು ಮಾಡಿಕೊಳ್ಳುವಾಗ ಬಾಯುಪಚಾರಕ್ಕೆ ತಂಗಿಯನ್ನೂ ಕೇಳಿದರು.

"ಪುಟ್ಟಿ ಕೊಡ್ರಿ," ಎಂದಳು. ಹರಿಗೋಲಿಗೆ ಆ ಕಡೆ ಕನ್ನಡದವರೂ ತೆಲುಗಿನವರೂ ಅನ್ನುವುದು ಹಾಗೆಯೇ. ಅಣ್ಣಂದಿರು ಬಿದ್ದು ಬಿದ್ದು ನಕ್ಕರು.

ಭೀಮಲಿಂಗಪ್ಪ ನಗಲಿಲ್ಲ. ಅವನಿಗೋ ನೀರೆಂದರೆ ಜೀವ ಹಿಡಿ ಆಗುತ್ತಿತ್ತು. ಮದುವೆಯ ದಿನ ಬೀಗರೆಲ್ಲ ಹೊಳೆಗಿಳಿದರೂ ಮದುಮಗ ದಂಡೆಯ ಮೇಲೆ ಚೊಂಬಿನಲ್ಲಿ ಮಿಂದಿದ್ದ. ಅಂಥವನು ಹರಿಗೋಲನ್ನು ಹತ್ತಿಯ ಲಾರಿಯ ಮೇಲೆ ಕಟ್ಟಿಸಿ, ಹೊಳೆಯ ಸುಳಿವೇ ಇಲ್ಲದ ಆದೋನಿಗೆ ತಂದ.

ತಂದದ್ದೇನೋ ಸರಿ, ಇಡುವುದೆಲ್ಲಿ? ಮಾಳಿಗೆಯ ಮೇಲಿಟ್ಟರೆ ಬಿಸಿಲಿಗೆ ಬಿದಿರು ಚಟಚಟ ಎಂದಿತು. ಓಣಿಯಲ್ಲಿಟ್ಟರೆ ನಾಯಿ ಬಂದು ಅದರಡಿ ಮರಿ ಹಾಕಿತು. ಒಳಗೆ ಗೋಡೆಗೆ ನಿಲ್ಲಿಸಿದರೆ ಗಂಡಹೆಂಡಿರು ಕಾಲು ಚಾಚುವಂತಿಲ್ಲ. ಕೊನೆಗೆ ಭೀಮಲಿಂಗಪ್ಪ ಜಂತೆಗೆ ಹಗ್ಗ ಹಾಕಿ ಅದನ್ನು ಬೋರಲು ತೂಗುಹಾಕಿದ. ಜಂತೆ ಗಿಡ್ಡ, ಅವನು ಉದ್ದ. ನಿದ್ದೆಗಣ್ಣಲ್ಲಿ ಎದ್ದಾಗಲೆಲ್ಲ ಅಂಚಿಗೆ ಹಣೆ ಬಡಿದು ಬುಗುಟು ಎದ್ದು, ಅದು ಇಳಿಯುವಷ್ಟರಲ್ಲಿ ಇನ್ನೊಂದು. ಮೂಟೆ ಹೊತ್ತು ಹೊತ್ತು ಆದದ್ದೆಂದು ಮಾರ್ಕೆಟ್ಟಿನವರು ತಿಳಿದಿದ್ದರು.

ಒಂದು ದಿನ ಮನೆಯ ಯಜಮಾನ ಬಂದು ಬಾಗಿಲಲ್ಲಿ ನಿಂತು ಕಣ್ಣು ಕೆಕ್ಕರಿಸಿದ. "ಇದಿ ಇಲ್ಲಾ, ರೇವಾ?" ಇದು ಮನೆಯೋ ದೋಣಿಗಟ್ಟೆಯೋ ಎಂದು ತೆಲುಗಿನಲ್ಲಿ ಗದರಿ, ಯಾರದಿದು ಎಂದು ಕೇಳಿದ. ಜಂಬಮ್ಮ ಬಾಯಿ ತೆರೆಯುವಷ್ಟರಲ್ಲಿ ಭೀಮಲಿಂಗಪ್ಪ ಅಡ್ಡ ಬಂದ.

"ನಾದೇ," ಎಂದ. "ನಂದೇ. ಇಟ್ಕೊಂಡೀನಿ, ಅಷ್ಟ."

ಅಂದಿನಿಂದ ಅದು ಓಣಿಯ ಬಾಯಲ್ಲಿ ಭೀಮಲಿಂಗಪ್ಪನ ಹುಚ್ಚಾಯಿತು. ಮಳೆ ಬಂದರೆ ಸಾಕು, "ಏನಪ್ಪಾ, ಇವತ್ತು ದೋಣಿ ಬಿಡ್ತೀಯೇನು" ಎಂದು ಕೇಳುವವರೇ. ಅವನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ, ಇಟ್ಕೊಂಡೀನಿ.

*

ಬಿಸಿಲು ಏರುವ ಹೊತ್ತಿಗೆ ಭೀಮಲಿಂಗಪ್ಪನ ಜೊತೆ ಮೂಟೆ ಹೊತ್ತ ದಸ್ತಗಿರಿ ಜಿನ್ನಿಂಗ್ ಮಿಲ್ಲಿನಿಂದ ಮುರಿದ ಹಲಗೆಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದ. ಹಂಡೆಯ ಕೆಳಗೆ ಬೆಂಕಿ ಹತ್ತಿತು. ಕೊಡಲಿಗೆ ಕೆಲಸವಿಲ್ಲದಾಯಿತು, ಗಾದಿಲಿಂಗನ ಹಟಕ್ಕೆ ಮಾತ್ರ ಇನ್ನೂ ಕೆಲಸವಿತ್ತು.

"ಉರ್ಸೋದು ಬ್ಯಾಡಂದ್ರ ತಿಪ್ಪಿಗೆ ಒಗೀತೀನಿ," ಎಂದ. "ಇಷ್ಟು ವರ್ಷ ನೀರ ಮಾರಿ ಕಾಣದ್ದು ಏನು ಉಳದೈತಿ? ಬಿರಿದು ಜಾಳು ಜಾಳು ಆಗಿರ್ತೈತಿ. ಪುಟ್ಟಿ ಅಲ್ಲ ಅತ್ತಿಗೆ, ಜರಡಿ ಇದು."

ಈ ಮಾತು ಜಂಬಮ್ಮನಿಗೆ ನಾಟಿತು. ಯಾಕೆಂದರೆ ಅವಳ ಭಯವೂ ಅದೇ ಆಗಿತ್ತು. ರಾತ್ರಿ ಮಲಗಿ ಮೇಲೆ ನೋಡುವಾಗಲೆಲ್ಲ, ನೀರಿಗಿಟ್ಟರೆ ಇದು ತೇಲೀತೇ ಎಂದು ಮನಸ್ಸು ಕೇಳುತ್ತಿತ್ತು. ಪರೀಕ್ಷೆ ಮಾಡಲು ಹತ್ತಿರ ಹೊಳೆಯಿಲ್ಲ, ಇದ್ದರೂ ಧೈರ್ಯವಿರಲಿಲ್ಲ. ಪ್ರತಿ ವರ್ಷ ಯುಗಾದಿಯ ಮುಂದೆ ಗಂಡ ರಸ್ತೆ ಕೆಲಸದವರನ್ನು ಕಾಡಿ ಬೇಡಿ ಡಬ್ಬಿಯಲ್ಲಿ ಡಾಂಬರು ತರುತ್ತಿದ್ದ. ಹತ್ತಿಯ ಬೇಲುಗಳಿಂದ ಹರಿದ ಗೋಣಿತಾಟು ತಂದು ಒಳಗೆ ಹೊರಗೆ ಹಚ್ಚುತ್ತಿದ್ದ. ಯಾಕೆ ಇಷ್ಟು ಕಷ್ಟ ಎಂದರೆ, "ಗೆದ್ದಲು ಹತ್ತಬಾರ್ದು" ಎನ್ನುತ್ತಿದ್ದ. ಹೊಳೆಯ ಕೆಲಸ ಅರಿಯದವನ ಕೈ ಅದು. ಗೆದ್ದಲಿಗೆ ಅಷ್ಟು ಸಾಕೆಂದು ಅವಳೂ ಸುಮ್ಮನಿದ್ದಳು.

ಆದರೂ ಅವಳು ಏಳಲಿಲ್ಲ. ಕೂತಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಹೇಳಿದಳು.

"ಇದು ಅವರ್ದಲ್ಲ, ನಂದು. ನಮ್ಮಪ್ಪನ ಮನಿಂದ ನಾನು ಬಾಯಿ ಬಿಟ್ಟು ಕೇಳಿ ತಂದಿದ್ದು. ನಿಮ್ಮ ನಗಿ ನನ್ನ ಮ್ಯಾಲ ಬೀಳಬಾರ್ದಂತ ಅವರು ನಂದು ನಂದು ಅಂದ್ಕೋಂತ ಹೋದ್ರು. ಅಕ್ಕ, ಪದ್ಧತಿ ನನಗೂ ಗೊತ್ತೈತಿ. ಸತ್ತವರ ಸಾಮಾನು ಒಯ್ರಿ. ಇದು ಬದುಕಿರಾಕಿ ಸಾಮಾನು."

ಯಾರೂ ನಗಲಿಲ್ಲ. ದಸ್ತಗಿರಿ ಟೋಪಿ ಸರಿಮಾಡಿಕೊಂಡು, "ನಮಗೂ ಹೇಳಲಿಲ್ಲ ನೋಡು," ಎಂದು ತನ್ನಷ್ಟಕ್ಕೇ ಅಂದುಕೊಂಡ.

"ಸರೇ, ನಿಂದ ಅನ್ನು," ಎಂದ ಗಾದಿಲಿಂಗ. "ತೂತಿಂದು ಯಾರದಾದ್ರೇನು. ಈಗ ನೀರು ಕಾದೈತಿ. ಅಣ್ಣನ್ನ ಎಲ್ಲಿ ಕೂಡ್ಸೋದು? ಒಳಗ ಜಾಗ ಇಲ್ಲ, ಹೊರಗ ಓಣಿ ತುಂಬ ನೀನ ಕುಂತೀದಿ."

ಜಂಬಮ್ಮ ಎದ್ದಳು. ಹೊರಗೆ ಕಾಲಿಟ್ಟು ಅಂಚು ಹಿಡಿದು ನಿಂತಳು.

"ಇದರಾಗ ಕೂಡ್ಸ್ರಿ."

"ಮೈಲಿಗಿ ಆಗ್ತೈತಿ," ಎಂದು ಬಸಲಿಂಗಮ್ಮ ಹೌಹಾರಿದಳು.

"ಆಗ್ಲಿ. ಹೊಳಿ ಇನ್ನೂ ಬತ್ತಿಲ್ಲ. ಒಯ್ದು ತೊಳಿತೀನಿ."

ಬೇರೆ ದಾರಿಯೂ ಇರಲಿಲ್ಲ. ಗಾದಿಲಿಂಗ, ದಸ್ತಗಿರಿ ಇಬ್ಬರೂ ಹೆಣವನ್ನು ಎತ್ತಿ ತಂದರು. ಜಂಬಮ್ಮ ಅಂಚನ್ನು ಹೊಟ್ಟೆಗೆ ಒತ್ತಿ ಹಿಡಿದು, ಹೆದರುವ ಪಯಣಿಗರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು. "ನಡುವ ಕೂಡ್ಸ್ರಿ. ಅಂಚಿಗೆ ಬ್ಯಾಡ, ವಾಲ್ತೈತಿ." ಬದುಕಿದ್ದಾಗ ಒಮ್ಮೆಯೂ ಅದರೊಳಗೆ ಕಾಲಿಡದ ಭೀಮಲಿಂಗಪ್ಪ ಹಿಂದಿನಿಂದ ಹಿಡಿದ ಭಾಗ್ಯಳ ತೋಳಿಗೆ ಒರಗಿ ನಟ್ಟನಡುವೆ ಕೂತ.

"ಹಿಂದ ಸರೀರಿ, ಈ ನೀರು ತುಳೀಬಾರ್ದು," ಎಂದಳು ಬಸಲಿಂಗಮ್ಮ. ಹೆಂಗಸರು ಸೀರೆ ಎತ್ತಿ ಹಿಡಿದು ಹೊಸ್ತಿಲು ಹತ್ತಿದರು. ಎಲ್ಲರ ಕಣ್ಣೂ ನೆಲದ ಮೇಲೆ, ನೀರು ಯಾವ ಕಡೆಗೆ ಹರಿದೀತೆಂದು. ಗಾದಿಲಿಂಗ ಅರಿಶಿನದ ನೀರಿನ ಮೊದಲ ಕೊಡ ಸುರಿದ. ಮತ್ತೊಂದು ಸುರಿದ. ಆಮೇಲೆ ನೆಲ ನೋಡಿ, ಹಟಕ್ಕೆ ಬಿದ್ದವನಂತೆ ಒಂದರ ಮೇಲೊಂದು ಸುರಿಯತೊಡಗಿದ.

ನೀರು ಹೊರಗೆ ಬರಲಿಲ್ಲ.

ಗೆದ್ದಲಿಗಾಗಿ ಯಾರೂ ಇಷ್ಟು ಡಾಂಬರು ಹಚ್ಚುವುದಿಲ್ಲ. ಅದು ಈಗ ಹೊಳೆದು ಜಂಬಮ್ಮನಿಗೆ ಗಂಡನ ಮೇಲೆ ಸಿಟ್ಟು ಬಂತು, ಒಂದು ಮಾತು ಹೇಳಬಾರದಿತ್ತೇ ಎಂದು. ಸಿಟ್ಟಿನ ಹಿಂದೆಯೇ ಬೆಳಗಿನಿಂದ ಬಾರದಿದ್ದ ಅಳು ನುಗ್ಗಿ ಬಂತು. ಅಂಚನ್ನು ಮಾತ್ರ ಬಿಡಲಿಲ್ಲ.

ಗಾದಿಲಿಂಗ ಕುಕ್ಕರುಗಾಲಲ್ಲಿ ಕೂತು ಹರಿಗೋಲಿನ ಅಡಿಗೆ ಕೈ ತೂರಿಸಿದ. ಹೊರಗೆಳೆದು ನೋಡಿದರೆ ಅಂಗೈ ತುಂಬ ಒಣ ಧೂಳು.

"ಹಾಕು, ಇನ್ನೊಂದು ಕೊಡ," ಎಂದಳು ಜಂಬಮ್ಮ.

ಅವನು ಎದ್ದು ಹಾಕಿದ. ಹಳದಿ ನೀರು ಭೀಮಲಿಂಗಪ್ಪನ ತೊಡೆ ದಾಟಿ ಏರಿ, ಅವನ ಸುತ್ತ ಅಲುಗಾಡಿ, ಮೆಲ್ಲಗೆ ನಿಂತಿತು.