ಅತ್ತೆಯ ಸ್ಪೀಡು

ಊರಿನವರ ಟೇಪ್ ರೆಕಾರ್ಡರುಗಳನ್ನೆಲ್ಲ ರಿಪೇರಿ ಮಾಡುವ ನಾನು ನಮ್ಮ ಮನೆಯದನ್ನು ಇಪ್ಪತ್ತೈದು ವರ್ಷ ಮುಟ್ಟಿರಲಿಲ್ಲ. ಹೆಂಡತಿ ಮುಟ್ಟಗೊಟ್ಟಿರಲಿಲ್ಲ ಎನ್ನುವುದೇ ಸರಿ. ಎರಡು ಸ್ಪೀಕರಿನ, ಎತ್ತಿದರೆ ಸೊಂಟ ಹಿಡಿದುಕೊಳ್ಳುವ ಆ ಪೆಟ್ಟಿಗೆ ಅವಳ ತವರಿನಿಂದ ಬಂದದ್ದು. ಅದರ ಜೊತೆಗೆ ಬಂದದ್ದು ಒಂದೇ ಒಂದು ಕ್ಯಾಸೆಟ್ಟು. ಅದರಲ್ಲಿ ಅವಳ ಅಮ್ಮನ ಧ್ವನಿ ಇತ್ತು.

ಅತ್ತೆಯನ್ನು ನಾನು ನೋಡಿಲ್ಲ. ನನ್ನವಳಿಗೆ ಆರು ವರ್ಷ, ಅವಳ ತಮ್ಮನಿಗೆ ಎಂಟು ತಿಂಗಳು ಇರುವಾಗಲೇ ಜ್ವರ ಬಂದು ತೀರಿಕೊಂಡರಂತೆ. ಅದಕ್ಕೆ ಎರಡು ತಿಂಗಳ ಮುಂಚೆ, ದೂರದಲ್ಲಿ ಕೆಲಸಕ್ಕಿದ್ದ ಗಂಡನಿಗೆ ಕಾಗದ ಬರೆಯುವ ಬದಲು ಈ ಪೆಟ್ಟಿಗೆಯ ಮುಂದೆ ಕೂತು ಮಾತಾಡಿ ಕಳಿಸಿದ ಕ್ಯಾಸೆಟ್ಟು ಅದು. ವರ್ಷಕ್ಕೊಂದೆರಡು ಸಲ ನನ್ನವಳು ಬಾಗಿಲು ಹಾಕಿಕೊಂಡು ಅದನ್ನು ಕೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಕೂತ ನನಗೆ ಅತ್ತೆಯ ಮಾತು ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿರುವುದು ಗೊತ್ತಾಗುತ್ತಿತ್ತು. ಬೆಲ್ಟು ಸಡಿಲವಾಗಿದೆ, ಮೋಟಾರಿನ ಎಣ್ಣೆ ಒಣಗಿದೆ, ಬಿಚ್ಚಿ ನೋಡಲಾ ಎಂದರೆ ಮೈಮೇಲೆ ಬೀಳುತ್ತಿದ್ದಳು.

"ನಿಮ್ಮ ಸ್ಕ್ರೂಡ್ರೈವರ್ ದೂರ ಇಡಿ. ಟೇಪು ಸಿಕ್ಕಾಕ್ಕೊಂಡು ಹರಿದ್ರೆ ಅಮ್ಮನ್ನ ಎಲ್ಲಿಂದ ತರ್ತೀರಿ?"

ಫೋನಿಗೆ ಇಳಿಸಿಕೊಡುತ್ತೇನೆ ಎಂದರೂ ಇದೇ ಉತ್ತರ. ನೋಡದ ಅತ್ತೆಗೆ ಹೆದರಿ ಬಾಳಿದ ಅಳಿಯ ನಾನೊಬ್ಬನೇ ಇರಬೇಕು.

ಹೋದ ತಿಂಗಳ ಒಂದು ಸೋಮವಾರ ನನ್ನ ಭಾಮೈದನ ಫೋನು ಬಂತು. ಚಿಕ್ಕಮ್ಮನನ್ನೇ ಅಮ್ಮ ಎಂದು ಕರೆದು ಬೆಳೆದ ಅವನು ಆ ಕ್ಯಾಸೆಟ್ಟನ್ನು ಇಲ್ಲಿಯವರೆಗೆ ಕೇಳಿರಲಿಲ್ಲ. ನನ್ನವಳು ಕರೆದಾಗಲೆಲ್ಲ, "ಗೊತ್ತಿಲ್ಲದೋರ ಧ್ವನಿ ಕೇಳಿ ಅಳೋಕೆ ನಂಗೆ ಬರಲ್ಲಕ್ಕ" ಎಂದು ಜಾರಿಕೊಳ್ಳುತ್ತಿದ್ದ. ಈಗ ನಲವತ್ತು ದಾಟಿದ ಮೇಲೆ ಅವನಿಗೊಂದು ಮಗಳು ಹುಟ್ಟಿದ್ದಾಳೆ. ಅವಳನ್ನು ಎತ್ತಿಕೊಂಡಾಗಲೆಲ್ಲ, ತನ್ನನ್ನು ಹೆತ್ತವಳು ತನ್ನ ಜೊತೆ ಹೇಗೆ ಮಾತಾಡುತ್ತಿದ್ದಳೋ ಅನ್ನಿಸುತ್ತದಂತೆ. "ಅಕ್ಕ, ಭಾನುವಾರ ಬರ್ತೀನಿ. ಕೇಳಿಸ್ತೀಯಾ?"

ನನ್ನವಳು ಫೋನಿಟ್ಟವಳೇ ಹೋಗಿ ಬಟನ್ ಒತ್ತಿದಳು. ಪೆಟ್ಟಿಗೆ ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಐದು ನಿಮಿಷದಲ್ಲಿ ಅದನ್ನು ತಾನೇ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಒಳಗೊಳಗೇ ಹಿಗ್ಗಿದ್ದಂತೂ ನಿಜ.

ಬಿಚ್ಚಿದರೆ ಬೆಲ್ಟು ಕರಗಿ ಡಾಂಬರಾಗಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯುವಷ್ಟರಲ್ಲಿ ಕೈಯೆಲ್ಲ ಮಸಿಯಾಯಿತು. ಹೊಸ ಬೆಲ್ಟು ಹಾಕಿದೆ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ ಬದಲಿಸಿದೆ, ಮೋಟಾರಿಗೆ ಎಣ್ಣೆ ಬಿಟ್ಟೆ. ಒಂದೇ ಸಮನೆ ಕೂಗುವ ಟೆಸ್ಟ್ ಕ್ಯಾಸೆಟ್ಟು ಹಾಕಿ, ಮೋಟಾರಿನ ಬೆನ್ನಿನ ತೂತಿನೊಳಗಿರುವ ಪುಟ್ಟ ಸ್ಕ್ರೂ ತಿರುಗಿಸುತ್ತ ಮೀಟರಿನ ಲೆಕ್ಕಕ್ಕೆ ಸ್ಪೀಡನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದಂತೆ ಕೂರಿಸಿದೆ. ಗುರುವಾರ ಮಧ್ಯಾಹ್ನ ಅವಳನ್ನು ಕರೆದು ಕೂರಿಸಿ, ಅಮ್ಮನ ಕ್ಯಾಸೆಟ್ಟು ಹಾಕಿದೆ.

"ರೀ, ಕೇಳಿಸ್ತಿದೆಯಾ? ಕೆಂಪು ದೀಪ ಹತ್ತಿದೆ, ಅಂದ್ರೆ ಕೇಳಿಸ್ತಿರಬೇಕು."

ಚುರುಕಾದ, ಸಣ್ಣ ಧ್ವನಿ. ನನ್ನವಳ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಇದ್ಯಾರು?"

"ನಿಮ್ಮಮ್ಮ, ಇನ್ಯಾರು?"

"ಅಲ್ಲ. ಇದ್ಯಾವಳೋ ಹುಡುಗಿ. ನಮ್ಮಮ್ಮ ನಿಧಾನಕ್ಕೆ, ತೂಕವಾಗಿ ಮಾತಾಡ್ತಿದ್ಲು."

"ಮೀಟರ್ ಸುಳ್ಳು ಹೇಳಲ್ಲ ಕಣೇ."

"ನಿಮ್ಮ ಮೀಟರ್ ನಮ್ಮಮ್ಮನ್ನ ನೋಡಿತ್ತಾ? ನಾನು ನೋಡಿದ್ದೆ."

ಅವಳ ಮಾತಿನಲ್ಲಿ ಹುರುಳೂ ಇರಬಹುದಿತ್ತು. ಪೆಟ್ಟಿಗೆ ಹೊಸದರಲ್ಲೇ ನಿಧಾನಕ್ಕೆ ಓಡುತ್ತ ರೆಕಾರ್ಡ್ ಮಾಡಿದ್ದರೆ, ಸರಿಯಾದ ಸ್ಪೀಡಿನಲ್ಲಿ ಆ ಧ್ವನಿ ಸಣ್ಣದಾಗಿಯೇ ಕೇಳಿಸುತ್ತದೆ. ಸ್ಕ್ರೂ ಹಿಂದಕ್ಕೆ ತಿರುಗಿಸಿದೆ. "ಇನ್ನೂ ಸ್ವಲ್ಪ... ಇನ್ನೊಂಚೂರು... ಹಾಂ, ಇವಳೇ!" ಎಂದಳು. ಕಣ್ಣು ತುಂಬಿಕೊಂಡಿತ್ತು. ಮೂವತ್ತು ವರ್ಷದಲ್ಲಿ ಒಂದು ಪೆಟ್ಟಿಗೆಯನ್ನೂ ತಪ್ಪು ಸ್ಪೀಡಿನಲ್ಲಿ ಕೈಬಿಡದ ನಾನು, ಆ ಮುಖ ನೋಡಿ ಮೀಟರನ್ನು ಪಕ್ಕಕ್ಕಿಟ್ಟೆ.

ಶನಿವಾರ ಬೆಳಿಗ್ಗೆ, ಟೇಪು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳಲು ಕೊನೆಯವರೆಗೆ ಓಡಿಸಿದೆ. ಕೊನೆಕೊನೆಗೆ ಮಗು ಅಳುತ್ತದೆ, ಅತ್ತೆ ಮಾತು ನಿಲ್ಲಿಸಿ ಅದನ್ನು ಎತ್ತಿಕೊಳ್ಳಲು ಹೋಗುತ್ತಾರೆ. ಆ ಖಾಲಿ ಜಾಗದಲ್ಲಿ, ದೂರದಲ್ಲೆಲ್ಲೋ ರೇಡಿಯೋ. ವಾರ್ತೆಗೆ ಮುಂಚಿನ ಪಿಪ್, ಪಿಪ್, ಪಿಪ್. ಒಟ್ಟು ಆರು. ಸೆಕೆಂಡಿಗೊಂದರಂತೆ ಬರುವ ಆ ಪಿಪ್‌ಗಳಲ್ಲಿ ಮೊದಲಿನದರಿಂದ ಕೊನೆಯದಕ್ಕೆ ಐದು ಸೆಕೆಂಡು. ಅದು ಯಾರ ಮುಲಾಜಿಗೂ ಬದಲಾಗುವುದಿಲ್ಲ. ಫೋನಿನಲ್ಲಿ ಅಳೆದೆ. ಐದು ಮುಕ್ಕಾಲು. ನಾಲ್ಕು ಸಲ ಅಳೆದರೂ ಅಷ್ಟೇ. ಮೀಟರೇ ಸರಿಯಾಗಿತ್ತು. ನನ್ನವಳು ಇವಳೇ ಎಂದ ಅಮ್ಮ, ಸವೆದ ಬೆಲ್ಟಿನ ಅಮ್ಮ.

ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾಮೈದನಿಗೆ ಹೋಲಿಸಿ ನೋಡಲು ಬೇರೆ ಧ್ವನಿಯೇ ಇಲ್ಲ. ನಾವು ಕೇಳಿಸಿದ್ದೇ ಅವನ ಅಮ್ಮ, ಅವನಿರುವವರೆಗೂ. ಅದೇ ನನ್ನನ್ನು ಕೊರೆಯಿತು. ದಿನವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಭಾನುವಾರ ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿಬಿಟ್ಟೆ.

"ನಿನ್ನೆ ಯಾಕೆ ಹೇಳ್ಲಿಲ್ಲ?" ಎಂದು ಲೋಟ ಕುಕ್ಕಿದಳು. "ಇನ್ನೊಂದು ಗಂಟೆಗೆ ಅವ್ನು ಬಂದ್ಬಿಡ್ತಾನೆ!"

"ಧೈರ್ಯ ಬರ್ಲಿಲ್ಲ."

ನಂಬದೆ ತಾನೇ ಅಳೆದಳು. ಐದು ಮುಕ್ಕಾಲು. ಫೋನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ ಕೈ ಚಾಚಿದಳು.

"ಸ್ಕ್ರೂಡ್ರೈವರ್ ಕೊಡಿ ಇಲ್ಲಿ."

ಇಪ್ಪತ್ತೈದು ವರ್ಷ ನನಗೆ ಮುಟ್ಟಗೊಡದ ಪೆಟ್ಟಿಗೆಗೆ ತಾನೇ ಕೈ ಹಾಕಿದಳು. ತಿರುಗಿಸಿದಳು, ಅಳೆದಳು, ಐದಕ್ಕಿಂತ ಕಮ್ಮಿಯಾಯಿತು. ಹಿಂದಕ್ಕೆ ತಿರುಗಿಸಿದಳು. ಏಳನೆಯ ಸಲಕ್ಕೆ ಸರಿಯಾಗಿ ಐದು. ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಬಟನ್ ಒತ್ತಿದಳು. ಮತ್ತೆ ಆ ಹುಡುಗಿ ಮಾತಾಡಿದಳು. ಈ ಸಲ ನನ್ನವಳು ಪೂರ್ತಿ ಕೇಳಿದಳು.

"ರೀ, ಅಮ್ಮಂಗೆ ಆಗ ಇಪ್ಪತ್ತಮೂರು," ಎಂದಳು. "ನಮ್ಮ ಮಗಳಿಗೆ ಈಗ ಇಪ್ಪತ್ತನಾಲ್ಕು. ನಂಗೆ ವಯಸ್ಸಾಗ್ತಾ ಆಗ್ತಾ ಅಮ್ಮಂಗೂ ವಯಸ್ಸಾಗಿದೆ ಅಂದ್ಕೊಂಡಿದ್ದೆ ನೋಡಿ."

ಎಷ್ಟು ತೊಳೆದರೂ ಬಿಡದ ಮಸಿಯ ಕೈಯಲ್ಲೇ ಅವಳ ಬೆನ್ನು ಸವರಿದೆ. ಸೀರೆ ಹಾಳಾಯಿತೆಂದು ಬೈಯಲೂ ಇಲ್ಲ.

ಭಾಮೈದ ಕೂಸನ್ನು ಹೆಗಲ ಮೇಲೆ ಮಲಗಿಸಿಕೊಂಡೇ ಬಂದ. ನನ್ನ ಮೇಜಿನ ಮುಂದಿನ ಸ್ಟೂಲಿನಲ್ಲಿ, ಪರೀಕ್ಷೆಗೆ ಬಂದವನಂತೆ ನೆಟ್ಟಗೆ ಕೂತ. ನನ್ನವಳು ಬಟನ್ ಒತ್ತಿದಳು. ಅತ್ತೆ ಗಂಡನಿಗೆ ಮನೆಯ ಸುದ್ದಿಯೆಲ್ಲ ಹೇಳಿದರು. ಮಗಳ ಹಲ್ಲು ಬಿದ್ದದ್ದನ್ನು ಹೇಳಿದರು. ಆಮೇಲೆ ನಗು.

"ನಿಮ್ಮ ಮಗ ಇದಾನಲ್ಲ, ನನ್ನ ಜಡೆ ಹಿಡ್ಕೊಂಡೇ ಮಲಗೋದು. ಮೆತ್ತಗೆ ಬಿಡಿಸಿದ್ರೂ ಎದ್ಬಿಡ್ತಾನೆ, ಕಳ್ಳ. ಅಳಬೇಡ್ವೋ, ಬಂದೆ, ಬಂದೆ ಬಂದೆ..."

ಭಾಮೈದ ಕೂಸಿನ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಿಸಿದ. ಟೇಪು ಮುಗಿದು ಬಟನ್ ಟಕ್ಕೆಂದು ಮೇಲೆದ್ದಿತು. ಅವನು ತಲೆಯೆತ್ತಿದ.

"ಅಕ್ಕ, ಅಮ್ಮನ ಧ್ವನಿ ಹೀಗೇ ಇತ್ತಾ? ನಿಂಗೆ ನೆನಪಿದೆಯಲ್ಲ?"

ನನ್ನವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಇಲ್ಲ ಕಣೋ," ಎಂದಳು. "ನಾನೂ ಇವತ್ತೇ ಕೇಳ್ತಿರೋದು."